ಪಾಠ ಯೋಜನೆ ಅಚ್ಚುಕಟ್ಟು, ತರಗತಿಗೆ ಹೋದರೆ ತಡವರಿಕೆ: ಶಿಕ್ಷಕರಾಗುವವರಿಗೆ ನಿಜಕ್ಕೂ ಏನು ಕಲಿಸಬೇಕು?

ಸೀಮೆಸುಣ್ಣ:
ಎಲ್ಲರಿಗೂ ನಮಸ್ಕಾರ. ನಾನು ಶಿಕ್ಷಕ ತರಬೇತಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಇನ್ನೇನು ನಮ್ಮ ಪ್ರಶಿಕ್ಷಣಾರ್ಥಿಗಳು ಬೋಧನಾ ಅಭ್ಯಾಸಕ್ಕೆ ಶಾಲೆಗಳಿಗೆ ಹೊರಡುತ್ತಾರೆ. ಪ್ರತಿ ಸಲವೂ ಒಂದೇ ಕಥೆ. ಪಾಠ ಯೋಜನೆ ಬರೆಯಿರಿ ಅಂದರೆ ಅಚ್ಚುಕಟ್ಟಾಗಿ ಬರೆಯುತ್ತಾರೆ. ಉದ್ದೇಶ, ಪೀಠಿಕೆ, ಚಟುವಟಿಕೆ, ಮೌಲ್ಯಮಾಪನ, ಹೋಂವರ್ಕ್, ಎಲ್ಲಾ ಅದರದರ ಕಾಲಂನಲ್ಲಿ ಇರುತ್ತದೆ. ತರಗತಿಯಲ್ಲಿ ಒಂದು ಮಗು ಯೋಜನೆಯಲ್ಲಿ ಇಲ್ಲದ ಉತ್ತರ ಕೊಟ್ಟಿತೋ, ಮುಗಿಯಿತು. ಕೆಲವರು ನಿಂತೇ ಬಿಡುತ್ತಾರೆ. ಉಳಿದವರು "ಗುಡ್, ಕೂತ್ಕೋ" ಅಂದು ಮುಂದಿನ ಸಾಲಿಗೆ ಹೋಗುತ್ತಾರೆ. ಆ ಉತ್ತರ ತಪ್ಪಿತ್ತು ಅನ್ನುವುದು ಗೊತ್ತೇ ಆಗಿರುವುದಿಲ್ಲ.

ಇದನ್ನು ಸರಿಮಾಡಲು ಕಾಲೇಜಿನಲ್ಲಿ ಏನು ಮಾಡಬಹುದು? ಇನ್ನಷ್ಟು ಥಿಯರಿ ಬೇಕಾ? ಶಾಲೆಯಲ್ಲಿ ಇನ್ನಷ್ಟು ದಿನ ಬೇಕಾ? ಪಾಠ ಮಾಡುವವರು, ಮಾಡಲು ಕಲಿಯುತ್ತಿರುವವರು ಇಬ್ಬರೂ ಹೇಳಿ.

ಕೊನೇ ಪೀರಿಯಡ್:
ಸರ್, ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕಾಲೇಜಿನ ಕೋರ್ಸ್ ಅರ್ಧಕ್ಕೆ ಅರ್ಧ ಕಾಟಾಚಾರ. ಪಾಠ ಮಾಡೋದು ತರಗತಿಯಲ್ಲೇ ಬರೋದು. ಮೊದಲ ದಿನವೇ ಶಾಲೆಗೆ ಕಳಿಸಿ, ಒಳ್ಳೆ ಮೇಷ್ಟ್ರ ಹಿಂದಿನ ಬೆಂಚಲ್ಲಿ ಕೂರಿಸಿ. ನೋಡಿ ನೋಡಿ ಕಲೀತಾರೆ.

ಲೆಕ್ಕದ ಮೇಡಂ:
"ನೋಡಿ ನೋಡಿ ಕಲೀತಾರೆ" ಅನ್ನುವಲ್ಲೇ ನನ್ನ ತಕರಾರು. ನೋಡುವುದು ಅವರಿಗೆ ಕಡಿಮೆಯೇನೂ ಆಗಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲೇ ಒಂದು ಲೆಕ್ಕ ಕೊಟ್ಟಿದ್ದರು. ಶಾಲೆ ಮುಗಿಸುವ ಹೊತ್ತಿಗೆ ಒಬ್ಬ ವಿದ್ಯಾರ್ಥಿ ಸುಮಾರು 13,000 ಗಂಟೆ ಶಿಕ್ಷಕರ ಎದುರು ಕೂತಿರುತ್ತಾನೆ. ಬೇರೆ ಯಾವ ವೃತ್ತಿಗೂ ಹೀಗಿಲ್ಲ. ಡಾಕ್ಟರ್ ಆಗುವ ಹುಡುಗ ಅಷ್ಟು ಹೊತ್ತು ಆಪರೇಷನ್ ನೋಡಿರುವುದಿಲ್ಲ, ವಕೀಲರಾಗುವ ಹುಡುಗಿ ಅಷ್ಟು ಹೊತ್ತು ಕೋರ್ಟಿನಲ್ಲಿ ಕೂತಿರುವುದಿಲ್ಲ.

ಆದರೆ ಅಷ್ಟೂ ಹೊತ್ತು ಕಂಡದ್ದು ಏನು? ನಾಟಕ ನೋಡುವವರಿಗೆ ರಂಗದ ಮೇಲಿನದ್ದು ಮಾತ್ರ ಕಾಣುತ್ತದೆ, ಪರದೆ ಹಿಂದಿನದ್ದಲ್ಲ. ಮೇಷ್ಟ್ರು ಈ ಉದಾಹರಣೆ ಬಿಟ್ಟು ಆ ಉದಾಹರಣೆ ಯಾಕೆ ತಗೊಂಡರು, ಅವಳನ್ನು ಬಿಟ್ಟು ಇವನನ್ನು ಯಾಕೆ ಕೇಳಿದರು, ನಡುವೆ ಯಾಕೆ ಒಂದು ಗಳಿಗೆ ಸುಮ್ಮನಾದರು, ಇದೊಂದೂ ಬೆಂಚಿನಿಂದ ಕಾಣುವುದಿಲ್ಲ. ಹಾಗಾಗಿ ಹೊಸಬರು ತಮಗೆ ಪಾಠ ಮಾಡಿದವರ ಧಾಟಿಯನ್ನು, ಅವರ ಗದರಿಕೆ ಸಮೇತ, ಎತ್ತಿಕೊಂಡು ಬರುತ್ತಾರೆ. ಕಾಣದ ಭಾಗವನ್ನು ಕಾಣಿಸುವುದೇ ತರಬೇತಿಯ ಕೆಲಸ. ಅದನ್ನು ಬಿಟ್ಟು ಸುಮ್ನೆ ಇನ್ನಷ್ಟು ಹೊತ್ತು ಕೂರಿಸಿದರೆ 13,000 ಗಂಟೆಗೆ ಇನ್ನೊಂದಷ್ಟು ಗಂಟೆ ಸೇರುತ್ತದೆ, ಅಷ್ಟೇ.

ಹಿಂದಿನ ಬೆಂಚು:
ನಾನು ಈಗ ತರಬೇತಿಯಲ್ಲಿ ಇರುವವಳು. ಮೇಡಂ ಹೇಳಿದ್ದು ನಿಜ. ನಮ್ಮನ್ನು ಪಾಠ ವೀಕ್ಷಣೆಗೆ ಕಳಿಸಿದಾಗ ಒಂದು ಫಾರಂ ಕೊಡ್ತಾರೆ. "ಕಪ್ಪುಹಲಗೆಯ ಬಳಕೆ: ಉತ್ತಮ / ಸಾಧಾರಣ". "ಧ್ವನಿಯ ಏರಿಳಿತ: ಉತ್ತಮ / ಸಾಧಾರಣ". ಟಿಕ್ ಹಾಕಿ ಬರ್ತೀವಿ. ಏನು ನೋಡಬೇಕು ಅನ್ನೋದೇ ಗೊತ್ತಿರಲ್ಲ.

ಇನ್ನೊಂದು ವಿಷಯ. ನಮ್ಮ ಗುಂಪಿನಲ್ಲಿ ಎಲ್ಲರಿಗೂ ಇರೋ ಭಯ ಒಂದೇ, ತರಗತಿ ಗಲಾಟೆ ಮಾಡಿದ್ರೆ ಏನು ಮಾಡೋದು ಅಂತ. ಅದರ ಬಗ್ಗೆ ಯಾರೂ ಸರಿಯಾಗಿ ಹೇಳಿಕೊಟ್ಟಿಲ್ಲ. "ಪ್ರೀತಿಯಿಂದ ಇರಿ" ಅಂತಾರೆ. ಇಲ್ಲಾಂದ್ರೆ "ಮೊದಲ ವಾರ ನಗಬೇಡಿ" ಅಂತಾರೆ.

ನಿವೃತ್ತ ಹೆಡ್‌ಮಾಸ್ಟರ್:
ಮಗೂ, ನಗು. ನಕ್ಕರೆ ತರಗತಿ ಕೈಬಿಟ್ಟು ಹೋಗುವುದಿಲ್ಲ.

ಗಲಾಟೆ ವಿಷಯಕ್ಕೆ ಜೇಕಬ್ ಕೌನಿನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರ ಕೆಲಸ ನೆನಪಾಗುತ್ತದೆ. 1970ರ ಹೊತ್ತಿಗೆ ಪ್ರಕಟಿಸಿದ್ದು. ಗಲಾಟೆ ಆದಮೇಲೆ ಒಳ್ಳೆ ಶಿಕ್ಷಕರು ಏನು ಮಾಡುತ್ತಾರೆ ಎಂದು ತಿಳಿಯಲು ತರಗತಿಗಳನ್ನು ವಿಡಿಯೋ ಮಾಡಿ ಕೂತು ನೋಡಿದರು. ಸಿಕ್ಕಿದ್ದು ಬೇರೆಯೇ. ಗಲಾಟೆ ಆದಮೇಲೆ ಗದರುವ ರೀತಿಯಲ್ಲಿ ಅಂಥ ವ್ಯತ್ಯಾಸವೇನೂ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಗಲಾಟೆಗೆ ಮುಂಚೆ. ಒಳ್ಳೆ ಶಿಕ್ಷಕರಿಗೆ ಇಡೀ ಕೋಣೆಯ ಮೇಲೆ ಕಣ್ಣಿತ್ತು, ಮತ್ತು ಆ ಸಂಗತಿ ಮಕ್ಕಳಿಗೂ ಗೊತ್ತಿತ್ತು. ಒಬ್ಬ ಹುಡುಗನ ನೋಟ್‌ಬುಕ್ ನೋಡುತ್ತಲೇ ಕಿಟಕಿ ಪಕ್ಕದವನಿಗೆ ಕಣ್ಣಲ್ಲೇ ಹೇಳುತ್ತಿದ್ದರು. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ಪಾಠ ನಿಂತುಹೋಗುತ್ತಿರಲಿಲ್ಲ.

ಇದನ್ನು ಅಭ್ಯಾಸ ಮಾಡಬಹುದು. ಬೋರ್ಡಿನ ಮೇಲೆ ಬರೆಯುವಾಗ ತರಗತಿಗೆ ಪೂರ್ತಿ ಬೆನ್ನು ಮಾಡದೆ ಓರೆಯಾಗಿ ನಿಲ್ಲುವುದು. ಹಾಳೆ ಹಂಚುವ ಮುಂಚೆ ಏನು ಮಾಡಬೇಕೆಂದು ಹೇಳಿ ಮುಗಿಸುವುದು, ಹಂಚಿದ ಮೇಲೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಗಲಾಟೆ ಹುಟ್ಟುವುದು ಹೆಚ್ಚಾಗಿ ಮಕ್ಕಳಿಗೆ ಮುಂದೇನು ಎಂದು ಗೊತ್ತಿಲ್ಲದ ಆ ಅರೆನಿಮಿಷದಲ್ಲಿ.

ಒಂದನೇ ಕ್ಲಾಸ್:
ಹೆಡ್‌ಮಾಸ್ಟರ್ ಸರ್ ಮಾತಿಗೆ ಸೇರಿಸ್ತೀನಿ. ಚಿಕ್ಕ ಮಕ್ಕಳಿಗೆ "ಪುಸ್ತಕ ತೆಗೆದು ಹನ್ನೆರಡನೇ ಪುಟ ತೆರೆದು ಮೊದಲ ಚಿತ್ರಕ್ಕೆ ಬಣ್ಣ ಹಚ್ಚಿ ಮುಗಿದವರು ಕೈ ಎತ್ತಿ" ಅಂದರೆ ಯಾರಿಗೂ ತಲುಪಲ್ಲ. ಒಂದು ಸಲಕ್ಕೆ ಒಂದೇ ಮಾತು. ಅದು ಆದಮೇಲೆ ಮುಂದಿನದ್ದು. ಸೂಚನೆ ಕೊಡುವುದೇ ಒಂದು ಕೌಶಲ ಅಂತ ಕಾಲೇಜಿನಲ್ಲಿ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲ್ಲ. ನಾಳೆ ಹೇಳಬೇಕಾದ ಸೂಚನೆಗಳನ್ನು ಒಂದು ಚೀಟಿಯಲ್ಲಿ ಬರೆದು ಗೆಳತಿಗೆ ಓದಿ ಹೇಳಿ, ಅವಳು ಅಕ್ಷರಶಃ ಅಷ್ಟನ್ನೇ ಮಾಡಲಿ. ಎಲ್ಲಿ ಕೊರತೆ ಇದೆ ಅನ್ನೋದು ಅಲ್ಲೇ ಕಾಣುತ್ತೆ, ನಗುವೂ ಬರುತ್ತೆ.

ಕೊನೇ ಪೀರಿಯಡ್:
ಒಪ್ಪಿದೆ. ಆದ್ರೆ ಇವೆಲ್ಲಾ ಶಾಲೆಯಲ್ಲೇ ಕಲಿಯೋದಲ್ವಾ? ಕಾಲೇಜಿನಲ್ಲಿ ಏನು ಮಾಡೋಕೆ ಆಗುತ್ತೆ?

ಸೀಮೆಸುಣ್ಣ:
ಆಗುತ್ತದೆ, ಇಲ್ಲ ಅನ್ನಬೇಡಿ. ಅಣುಬೋಧನೆ, ಅಂದರೆ ಮೈಕ್ರೋ ಟೀಚಿಂಗ್, ಹುಟ್ಟಿದ್ದೇ ಇದಕ್ಕೆ. 1963ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲೆನ್ ಮತ್ತು ಜೊತೆಗಾರರು ಶುರು ಮಾಡಿದರು. ನಾಲ್ಕೈದು ವಿದ್ಯಾರ್ಥಿಗಳು, ಐದರಿಂದ ಹತ್ತು ನಿಮಿಷ, ಒಂದೇ ಕೌಶಲ. ಪಾಠ ಮಾಡು, ರೆಕಾರ್ಡಿಂಗ್ ನೋಡು, ಮಾತಾಡು, ಮತ್ತೆ ಪಾಠ ಮಾಡು.

ಈಗ ಅದು ಉಳಿದಿರುವುದು ಹೆಸರಿಗೆ. ಸಹಪಾಠಿಗಳನ್ನೇ ಮಕ್ಕಳು ಅಂತ ಕೂರಿಸುತ್ತಾರೆ. ಅವರೋ, ಸರಿ ಉತ್ತರವನ್ನೇ ಕೊಡುತ್ತಾರೆ, ಗೆಳೆಯನ ಮರ್ಯಾದೆ ಉಳಿಸಬೇಕಲ್ಲ. "ಮತ್ತೆ ಪಾಠ ಮಾಡು" ಅನ್ನುವ ಹಂತಕ್ಕೆ ಸಮಯ ಸಾಕಾಗುವುದಿಲ್ಲ. ಸುಧಾರಣೆ ಆಗುವುದೇ ಎರಡನೇ ಸಲ ಮಾಡುವಾಗ. ಅದನ್ನೇ ಬಿಟ್ಟರೆ ಉಳಿದದ್ದು ಬರೀ ಶಾಸ್ತ್ರ.

ಲೆಕ್ಕದ ಮೇಡಂ:
ಸರ್, ಸಹಪಾಠಿಗಳು ಸರಿ ಉತ್ತರ ಕೊಡುವುದೇ ತೊಂದರೆ ಅಂದಿರಲ್ಲ, ಅವರಿಗೆ ತಪ್ಪು ಉತ್ತರಗಳನ್ನು ಬರೆದು ಕೊಟ್ಟುಬಿಡಿ. ಆದರೆ ಸುಮ್ಮನೆ ಬಾಯಿಗೆ ಬಂದ ತಪ್ಪಲ್ಲ, ಮಕ್ಕಳು ನಿಜವಾಗಿ ಮಾಡುವ ತಪ್ಪು. ಇದು ನನ್ನ ಇಷ್ಟದ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ.

42ರಿಂದ 17 ಕಳೆ ಅಂದರೆ ಒಂದು ಮಗು 35 ಅಂತ ಬರೆಯುತ್ತದೆ. "ಅಜಾಗರೂಕತೆ" ಅಂತ ಕೆಂಪು ಗೆರೆ ಎಳೆಯುವವರೇ ಜಾಸ್ತಿ. ಅದು ಅಜಾಗರೂಕತೆ ಅಲ್ಲ. ಮಗು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ: 7ರಿಂದ 2, 4ರಿಂದ 1. ಯಾಕೆಂದರೆ "ಚಿಕ್ಕದರಿಂದ ದೊಡ್ಡದನ್ನು ಕಳೆಯೋಕೆ ಆಗಲ್ಲ" ಅಂತ ನಾವೇ ಹೇಳಿಕೊಟ್ಟಿರುತ್ತೇವೆ. ಅದು ನಿಯಮ ಪಾಲಿಸುತ್ತಿದೆ. ಅದೇ ಮಗು 63ರಿಂದ 28 ಕಳೆದರೆ 45 ಬರೆಯುತ್ತದೆ ಅಂತ ನಾನು ಮೊದಲೇ ಹೇಳಬಲ್ಲೆ.

ಇನ್ನೊಂದು. 0.5 ದೊಡ್ಡದೋ 0.35 ದೊಡ್ಡದೋ? 0.35 ಅನ್ನುತ್ತವೆ ಎಷ್ಟೋ ಮಕ್ಕಳು, 5ಕ್ಕಿಂತ 35 ದೊಡ್ಡದಲ್ವಾ! ಈಗ ಪ್ರಶಿಕ್ಷಣಾರ್ಥಿ ಪರೀಕ್ಷೆಗೆ ಅಂತ 0.45 ಮತ್ತು 0.12 ಕೊಟ್ಟರೆ ಏನಾಗುತ್ತದೆ? ಎಲ್ಲರೂ ಸರಿ ಉತ್ತರ ಬರೆಯುತ್ತಾರೆ. ತಪ್ಪು ತಿಳಿವಳಿಕೆ ಒಳಗೆ ಹಾಗೇ ಕೂತಿರುತ್ತದೆ, ಶಿಕ್ಷಕಿ ಖುಷಿಯಾಗಿ ಮುಂದಿನ ಅಧ್ಯಾಯಕ್ಕೆ ಹೋಗಿರುತ್ತಾಳೆ. ಯಾವ ಎರಡು ಸಂಖ್ಯೆ ಕೊಡಬೇಕು ಅನ್ನುವುದರಲ್ಲೇ ಅರ್ಧ ಪಾಠ ಇದೆ.

ದಶಮಾಂಶ ಗೊತ್ತಿರುವ ಇಂಜಿನಿಯರ್‌ಗೆ ಇದು ಗೊತ್ತಿರಬೇಕಾಗಿಲ್ಲ. ಬೋಧನಾ ವಿಧಾನಗಳ ಪಟ್ಟಿ ಬಾಯಿಪಾಠ ಮಾಡಿದವರಿಗೂ ಇದು ಬರುವುದಿಲ್ಲ. ವಿಷಯದ ಜ್ಞಾನ ಬೇರೆ, ಕಲಿಸುವ ವಿಧಾನದ ಜ್ಞಾನ ಬೇರೆ, ಇವೆರಡೂ ಕೂಡುವಲ್ಲಿ ಶಿಕ್ಷಕರದ್ದೇ ಆದ ಮೂರನೇ ಒಂದು ಜ್ಞಾನ ಇದೆ ಅಂತ ಅಮೆರಿಕದ ಶಿಕ್ಷಣ ತಜ್ಞ ಲೀ ಶುಲ್ಮನ್ 1986ರಲ್ಲಿ ವಾದಿಸಿದರು. ಈ ವಿಷಯ ಮಕ್ಕಳಿಗೆ ಎಲ್ಲಿ ಕಷ್ಟ, ಯಾಕೆ ಕಷ್ಟ, ಯಾವ ಉದಾಹರಣೆ ಅವರನ್ನು ದಾಟಿಸುತ್ತದೆ, ಇದೇ ಆ ಜ್ಞಾನ. ನಮ್ಮ ಕೋರ್ಸುಗಳಲ್ಲಿ ಮೊದಲ ಎರಡಕ್ಕೆ ಪೇಪರ್ ಇದೆ, ಮೂರನೆಯದಕ್ಕೆ ಇಲ್ಲ. ಸೀಮೆಸುಣ್ಣ ಸರ್, ನೀವು ಹೇಳಿದ "ಗುಡ್, ಕೂತ್ಕೋ" ಹುಟ್ಟುವುದು ಇಲ್ಲಿಂದ. ಆ ಉತ್ತರ ಎಲ್ಲಿಂದ ಬಂತು ಅಂತ ತಿಳಿಯದವರು ಬೇರೇನು ತಾನೇ ಹೇಳಬಲ್ಲರು?

ಪ್ರಯೋಗಶಾಲೆ:
ವಿಜ್ಞಾನದಲ್ಲೂ ಇದೇ ಹಾಡು. ಬೇಸಿಗೆ ಯಾಕೆ ಬರುತ್ತೆ ಅಂದರೆ "ಭೂಮಿ ಸೂರ್ಯನ ಹತ್ತಿರ ಹೋಗುತ್ತೆ" ಅನ್ನೋ ಉತ್ತರ ಎಲ್ಲಾ ತರಗತಿಯಲ್ಲೂ ಬರುತ್ತೆ. "ತಪ್ಪು, ಅಕ್ಷದ ಓರೆ ಕಾರಣ" ಅಂದರೆ ಮಗು ಪರೀಕ್ಷೆಯಲ್ಲಿ ಅದನ್ನು ಬರೆದು ಮನಸ್ಸಲ್ಲಿ ತನ್ನದನ್ನೇ ಇಟ್ಟುಕೊಳ್ಳುತ್ತೆ. ಅದರ ಬದಲು "ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರೋದು ಜನವರಿ ಮೊದಲ ವಾರದಲ್ಲಿ. ಆಗ ಉತ್ತರ ಗೋಳಾರ್ಧದಲ್ಲಿ ಚಳಿಗಾಲ, ದಕ್ಷಿಣದಲ್ಲಿ ಬೇಸಿಗೆ. ಹೇಗೆ?" ಅಂತ ಕೇಳಿ. ಒಂದೇ ಭೂಮಿ, ಒಂದೇ ದೂರ, ಎರಡು ಋತು. ಈಗ ಮಗುವಿನ ಉತ್ತರಕ್ಕೇ ಪೆಟ್ಟು ಬಿತ್ತು. ಇನ್ನು ಅಕ್ಷದ ಓರೆ ಬಗ್ಗೆ ಮಾತಾಡಬಹುದು.

ಪಾಠ ಯೋಜನೆಯ ಫಾರಂನಲ್ಲಿ ನಾನಾಗಿದ್ದರೆ ಎರಡು ಕಾಲಂ ಕಿತ್ತುಹಾಕಿ ಒಂದು ಸೇರಿಸುತ್ತಿದ್ದೆ: "ಮಕ್ಕಳು ಇಲ್ಲಿ ಏನಂತ ತಪ್ಪು ತಿಳಿಯಬಹುದು, ಆಗ ನಾನು ಏನು ಕೇಳುತ್ತೇನೆ?"

ಹಿಂದಿನ ಬೆಂಚು:
ಇದು ಬೇಕಿತ್ತು ನೋಡಿ! ನಮಗೆ "ಕಲಿಕಾ ಶೈಲಿ" ಅಂತ ಒಂದು ಅಧ್ಯಾಯ ಇದೆ. ಕೆಲವು ಮಕ್ಕಳು ನೋಡಿ ಕಲೀತಾರೆ, ಕೆಲವರು ಕೇಳಿ, ಕೆಲವರು ಮಾಡಿ. ಪ್ರತಿ ಪಾಠ ಯೋಜನೆಯಲ್ಲೂ ಮೂರಕ್ಕೂ ಚಟುವಟಿಕೆ ಬರೀಬೇಕು. ಅದಕ್ಕೇ ಒಂದು ಸಂಜೆ ಹೋಗುತ್ತೆ.

ಪ್ರಯೋಗಶಾಲೆ:
ಪರೀಕ್ಷೆಗೆ ಬರೆಯಿರಿ, ಆಮೇಲೆ ಬಿಡಿ. 2008ರಲ್ಲಿ ಹ್ಯಾರಲ್ಡ್ ಪ್ಯಾಶ್ಲರ್ ಮತ್ತಿತರ ಮನಶ್ಶಾಸ್ತ್ರಜ್ಞರು ಆ ಬಗ್ಗೆ ಇದ್ದ ಸಂಶೋಧನೆಗಳನ್ನೆಲ್ಲಾ ಜಾಲಾಡಿದರು. ಮಗುವಿನ "ಶೈಲಿ"ಗೆ ಹೊಂದಿಸಿ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಅನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ಚಿತ್ರ ಬೇಕಾ ಮಾತು ಬೇಕಾ ಅನ್ನೋದನ್ನು ವಿಷಯ ನಿರ್ಧರಿಸಬೇಕು. ಭೂಪಟವನ್ನು ಯಾರಿಗೇ ಆಗಲಿ ಕೇಳಿಸೋಕೆ ಆಗುತ್ತಾ?

ನಿವೃತ್ತ ಹೆಡ್‌ಮಾಸ್ಟರ್:
ಪ್ರಶ್ನೆ ಕೇಳುವ ಮಾತು ಬಂದದ್ದಕ್ಕೆ ಒಂದು ಹೇಳಲೇಬೇಕು. ಮೇರಿ ಬಡ್ ರೋ ಅನ್ನುವ ವಿಜ್ಞಾನ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಕೇಳಿ ಅಳೆದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡ್. ಅಷ್ಟರಲ್ಲಿ ಉತ್ತರ ಬರದಿದ್ದರೆ ತಾವೇ ಹೇಳುವುದು ಅಥವಾ ಬೇರೆಯವರನ್ನು ಕೇಳುವುದು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, "ಗೊತ್ತಿಲ್ಲ" ಕಡಿಮೆಯಾಯಿತು, ಎಂದೂ ಮಾತಾಡದವರು ಬಾಯಿಬಿಟ್ಟರು, ಮಕ್ಕಳೇ ತಿರುಗಿ ಪ್ರಶ್ನೆ ಕೇಳತೊಡಗಿದರು. ಮಗು ಉತ್ತರ ಹೇಳಿದ ಮೇಲೂ ಹೀಗೇ ಕಾಯಬೇಕು, ಇದನ್ನು ಹೆಚ್ಚಿನವರು ಮರೆಯುತ್ತಾರೆ.

ಓದಲು ಸುಲಭ. ನಲವತ್ತು ಜೊತೆ ಕಣ್ಣು ನಿಮ್ಮ ಮೇಲಿರುವಾಗ ಮೂರು ಸೆಕೆಂಡ್ ಸುಮ್ಮನಿರುವುದು ಎಷ್ಟು ಕಷ್ಟ ಅನ್ನುವುದು ನಿಂತವರಿಗೇ ಗೊತ್ತು. ಇದನ್ನೇ ಒಂದು ಅಣುಬೋಧನೆ ಮಾಡಿ. ಐದು ನಿಮಿಷ, ಮೂರೇ ಪ್ರಶ್ನೆ, ಹಿಂದೆ ಒಬ್ಬರು ಗಡಿಯಾರ ಹಿಡಿದಿರಲಿ.

ಕೊನೇ ಪೀರಿಯಡ್:
ಸರ್, ಕಾದರೂ ಅದೇ ಮೂವರು ಕೈ ಎತ್ತುತ್ತಾರೆ.

ನಿವೃತ್ತ ಹೆಡ್‌ಮಾಸ್ಟರ್:
ಕೈ ಎತ್ತುವುದನ್ನೇ ಬಿಡಿಸಿ. ಎಲ್ಲರೂ ಮೊದಲು ಬರೆಯಲಿ, ಪಕ್ಕದವರಿಗೆ ತೋರಿಸಲಿ, ಆಮೇಲೆ ನೀವೇ ಹೆಸರು ಕರೆಯಿರಿ. ಬರೆಯುವಾಗ ಓಡಾಡಿ ಇಣುಕಿ ನೋಡಿದರೆ ಯಾರನ್ನು ಕರೆಯಬೇಕು ಅಂತಲೂ ತಿಳಿಯುತ್ತದೆ. ಲೆಕ್ಕದ ಮೇಡಂ ಹೇಳಿದ ಆ 35 ಬರೆದವನು ಅಲ್ಲೇ ಸಿಗುತ್ತಾನೆ.

ಒಂದನೇ ಕ್ಲಾಸ್:
ಸ್ವಲ್ಪ ಕಹಿ ಮಾತು ಆಡಲಾ? ಎಷ್ಟು ಚೆನ್ನಾಗಿ ತರಬೇತಿ ಕೊಟ್ಟರೂ ಮೊದಲ ವರ್ಷ ಶಾಲೆಯಲ್ಲಿ ಒಂಟಿಯಾಗಿ ಬಿಟ್ಟರೆ ಓಡಿಹೋಗುತ್ತಾರೆ. ಹೊಸಬರಿಗೇ ಅತಿ ಕಷ್ಟದ ತರಗತಿ, ಹೊಸಬರಿಗೇ ಬೇರೆಯವರು ಬೇಡ ಅಂದ ಕೆಲಸ. 2030ರ ಹೊತ್ತಿಗೆ ಜಗತ್ತಿಗೆ ಇನ್ನೂ 4.4 ಕೋಟಿ ಪ್ರಾಥಮಿಕ ಮತ್ತು ಪ್ರೌಢಶಾಲಾ ಶಿಕ್ಷಕರು ಬೇಕು ಅಂತ ಯುನೆಸ್ಕೋ 2023ರಲ್ಲಿ ಹೇಳಿತ್ತು. ಆ ಸಂಖ್ಯೆಯ ಒಂದು ದೊಡ್ಡ ಭಾಗ ಹೊಸ ಹುದ್ದೆಗಳಲ್ಲ, ಕೆಲಸ ಬಿಟ್ಟು ಹೋಗುವವರ ಜಾಗ ತುಂಬುವುದು. ತರಬೇತಿಯಲ್ಲಿ ಇರುವವರಿಗೆ ಇದನ್ನು ಮುಚ್ಚಿಡಬಾರದು. ಮೊದಲ ವರ್ಷ ಸುಸ್ತಾಗುತ್ತೆ, ತಿದ್ದಬೇಕಾದ ನೋಟ್‌ಬುಕ್ಕಿನ ರಾಶಿ ಮನೆಗೂ ಬರುತ್ತೆ, ಗಂಟಲು ಕಟ್ಟುತ್ತೆ. (ಗಂಟಲಿಗೆ: ನೀರು ಪಕ್ಕದಲ್ಲಿರಲಿ, ಬೋರ್ಡ್ ಕಡೆ ತಿರುಗಿ ಮಾತಾಡಬೇಡಿ, ಗಲಾಟೆಯ ಮೇಲೆ ಕೂಗಬೇಡಿ, ಅದು ತಗ್ಗುವವರೆಗೆ ನಿಲ್ಲಿ.)

ಸೀಮೆಸುಣ್ಣ:
ಮಾರ್ಗದರ್ಶಕ ಶಿಕ್ಷಕರ ವಿಷಯಕ್ಕೂ ಇದು ಸೇರುತ್ತದೆ. ನಮ್ಮಲ್ಲಿ ಮೇಲ್ವಿಚಾರಕರು ಅಂಕದ ಹಾಳೆ ಹಿಡಿದು ಹಿಂದೆ ಕೂರುತ್ತಾರೆ. ಪಾಠ ಮುಗಿದ ಮೇಲೆ ಹದಿನೈದು ಸಲಹೆ. ಹುಡುಗಿ ತಲೆ ಆಡಿಸುತ್ತಾಳೆ, ಒಂದೂ ನೆನಪಿರುವುದಿಲ್ಲ. ಅಂಕ ಕೊಡುವವರ ಎದುರು ಯಾರೂ ಹೊಸದನ್ನು ಪ್ರಯತ್ನಿಸುವುದೂ ಇಲ್ಲ.

ಲೆಕ್ಕದ ಮೇಡಂ:
ಜಪಾನಿನ ಶಿಕ್ಷಕರ ಪದ್ಧತಿ ನೋಡಿ ಸರ್. ಕೆಲವರು ಸೇರಿ ಒಂದೇ ಪಾಠವನ್ನು ಕೂತು ಯೋಚಿಸುತ್ತಾರೆ. ಒಬ್ಬರು ಆ ಪಾಠ ಮಾಡುತ್ತಾರೆ. ಉಳಿದವರು ನೋಡುವುದು ಶಿಕ್ಷಕರನ್ನಲ್ಲ, ಮಕ್ಕಳನ್ನು. ಯಾರು ಎಲ್ಲಿ ಸಿಕ್ಕಿಹಾಕಿಕೊಂಡರು, ಯಾವ ಮಾತಿಗೆ ಪೆನ್ಸಿಲ್ ಓಡತೊಡಗಿತು ಅಂತ ಬರೆದುಕೊಳ್ಳುತ್ತಾರೆ. ಆಮೇಲೆ ಎಲ್ಲರೂ ಕೂತು ಪಾಠವನ್ನು ತಿದ್ದುತ್ತಾರೆ. ಪಾಠ ಮಾಡಿದವರನ್ನಲ್ಲ, ಪಾಠವನ್ನು. ಪ್ರಶಿಕ್ಷಣಾರ್ಥಿಗಳ ಆ ಟಿಕ್ ಹಾಕುವ ಫಾರಂ ಎಸೆದು, ಒಬ್ಬೊಬ್ಬರಿಗೆ ಎರಡೆರಡು ಮಕ್ಕಳನ್ನು ವಹಿಸಿ. ಇಡೀ ಪಾಠದಲ್ಲಿ ಆ ಇಬ್ಬರು ಏನು ಮಾಡಿದರು ಅಂತ ಬರೆದು ತರಲಿ. ಹೊಸಬರಿಗೆ ಇದಕ್ಕಿಂತ ಒಳ್ಳೆ ವೀಕ್ಷಣೆ ನನಗೆ ಗೊತ್ತಿಲ್ಲ.

ಪಾಠ ಮುಗಿದ ಮೇಲೆ ಮಾರ್ಗದರ್ಶಕರೂ ಹೇಳಲಿ: "ನಾನು ಆ ಲೆಕ್ಕ ಬಿಟ್ಟು ಇದನ್ನು ತಗೊಂಡದ್ದು ಯಾಕೆ ಗೊತ್ತಾ?" ಒಳ್ಳೆ ಶಿಕ್ಷಕರು ಬಹಳಷ್ಟು ಸಲ ಇದನ್ನು ಹೇಳುವುದಿಲ್ಲ. ಅವರಿಗೆ ರೂಢಿಯಾಗಿಬಿಟ್ಟಿರುತ್ತದೆ, ಹೇಳುವಂಥದ್ದು ಅಂತಲೇ ಅನಿಸುವುದಿಲ್ಲ. ನೀವು ಕೇಳಿ ಹೊರಡಿಸಬೇಕು.

ಕೊನೇ ಪೀರಿಯಡ್:
ಇದಕ್ಕೆ ನನ್ನ ವೋಟು. ಆದ್ರೂ ಹೇಳ್ತೀನಿ, ಕೋರ್ಸಿನಲ್ಲಿ ಶಾಲೆಯ ದಿನಗಳು ಜಾಸ್ತಿ ಆಗಲೇಬೇಕು. ಕೊನೆಗೆ ಒಟ್ಟಿಗೆ ತುರುಕೋದಲ್ಲ. ವಾರಕ್ಕೆ ಎರಡು ದಿನ ಶಾಲೆ, ಉಳಿದ ದಿನ ಕಾಲೇಜು, ಅಲ್ಲಿ ಕಂಡದ್ದನ್ನು ಇಲ್ಲಿ ಬಿಡಿಸೋದು.

ಸೀಮೆಸುಣ್ಣ:
ಅಷ್ಟು ಬದಲಾವಣೆ ನನ್ನ ಕೈಯಲ್ಲಿಲ್ಲ, ಪಠ್ಯಕ್ರಮ ಮೇಲಿಂದ ಬರುತ್ತದೆ. ಈ ಬಾರಿ ನನ್ನಿಂದ ಆಗುವುದು ಇಷ್ಟು. ಫಾರಂನಲ್ಲಿ "ತಪ್ಪು ತಿಳಿವಳಿಕೆ" ಕಾಲಂ. ಅಣುಬೋಧನೆಯಲ್ಲಿ ಮಕ್ಕಳಾಗಿ ಕೂರುವವರಿಗೆ ನಿಜವಾದ ತಪ್ಪು ಉತ್ತರಗಳ ಚೀಟಿ. ಎರಡನೇ ಸಲ ಪಾಠ ಮಾಡುವುದು ಕಡ್ಡಾಯ, ಅದಕ್ಕಾಗಿ ಕೌಶಲಗಳ ಸಂಖ್ಯೆ ಕಡಿಮೆ ಮಾಡುತ್ತೇನೆ. ಮೇಲ್ವಿಚಾರಕರಿಗೆ ಒಂದು ವಿನಂತಿ: ಒಂದು ಪಾಠಕ್ಕೆ ಒಂದೇ ಸಲಹೆ. ಚೀಟಿಗಳಿಗೆ ತಪ್ಪು ಉತ್ತರಗಳು ಬೇಕು. ನಿಮ್ಮ ತರಗತಿಯಲ್ಲಿ ಸಿಗುವುದನ್ನು ಇಲ್ಲಿ ಹಾಕುತ್ತೀರಾ? ಮಗುವಿನ ಹೆಸರು, ಶಾಲೆಯ ಹೆಸರು ಬೇಡ.

ಲೆಕ್ಕದ ಮೇಡಂ:
ಮೊದಲನೆಯದು ನನ್ನದೇ. ಮೂರನೇ ಒಂದು ಕೂಡಿಸು ನಾಲ್ಕನೇ ಒಂದು, ಉತ್ತರ ಏಳನೇ ಎರಡು. ಮೇಲಿನದ್ದನ್ನು ಕೂಡಿಸಿದ್ದಾನೆ, ಕೆಳಗಿನದ್ದನ್ನೂ ಕೂಡಿಸಿದ್ದಾನೆ. ಹಿಂದಿನ ಬೆಂಚು, ಹೇಳಮ್ಮ. "ಹಾಗಲ್ಲ, ಛೇದ ಸಮ ಮಾಡಬೇಕು" ಅನ್ನಬಾರದು. ಏನು ಕೇಳ್ತೀಯ?

ಹಿಂದಿನ ಬೆಂಚು:
ಅರ್ಧ ಕೂಡಿಸು ಅರ್ಧ ಎಷ್ಟು ಅಂತ ಕೇಳ್ತೀನಿ ಮೇಡಂ. ಅವನ ದಾರಿಯಲ್ಲೇ ಹೋದರೆ ನಾಲ್ಕನೇ ಎರಡು ಬರುತ್ತೆ, ಅಂದರೆ ಅರ್ಧವೇ. ಅರ್ಧಕ್ಕೆ ಅರ್ಧ ಸೇರಿಸಿದರೂ ಅರ್ಧವೇ ಉಳೀತಾ ಅಂತ ಅವನೇ ಯೋಚಿಸಲಿ.

ಲೆಕ್ಕದ ಮೇಡಂ:
ಭೇಷ್. ಆದರೆ ಅವನು ಜಾಣ. "ಅರ್ಧ ಕೂಡಿಸು ಅರ್ಧ ಒಂದು, ಅದು ನಂಗೊತ್ತು, ಅದು ಬೇರೆ ಲೆಕ್ಕ, ಇದು ಬೇರೆ ಲೆಕ್ಕ" ಅಂದುಬಿಟ್ಟ. ಆಗ?

ಹಿಂದಿನ ಬೆಂಚು:
ಅಯ್ಯೋ.

ಮೂರು ಸೆಕೆಂಡ್ ಕೊಡಿ ಮೇಡಂ... ಏಳನೇ ಎರಡು ದೊಡ್ಡದೋ, ಮೂರನೇ ಒಂದು ದೊಡ್ಡದೋ ಅಂತ ಕೇಳಿದರೆ? ಒಂದೇ ಅಳತೆಯ ಎರಡು ಕಾಗದದ ಪಟ್ಟಿ ಕೊಟ್ಟು ಮಡಚಿ ಗೆರೆ ಹಾಕಿಸ್ತೀನಿ. ಏಳನೇ ಎರಡು ಚಿಕ್ಕದು. ಮೂರನೇ ಒಂದಕ್ಕೆ ಇನ್ನೂ ಸ್ವಲ್ಪ ಸೇರಿಸಿದ ಮೇಲೆ ಅದಕ್ಕಿಂತ ಕಡಿಮೆ ಆಗೋದು ಹೇಗೆ ಅಂತ ಕೇಳ್ತೀನಿ.

ಪ್ರಯೋಗಶಾಲೆ:
ಏಳು ಸಮ ಭಾಗಕ್ಕೆ ಕಾಗದ ಮಡಚೋದು ಕಷ್ಟ. ಮೊದಲೇ 21 ಮನೆ ಗೆರೆ ಹಾಕಿದ ಪಟ್ಟಿ ಕೊಡಿ. ಮೂರನೇ ಒಂದು ಅಂದರೆ 7 ಮನೆ, ಏಳನೇ ಎರಡು ಅಂದರೆ 6. ಬಣ್ಣ ಹಚ್ಚಿದರೆ ಕಾಣುತ್ತೆ.

ಸೀಮೆಸುಣ್ಣ:
ಇದು ಮೊದಲ ಚೀಟಿ. ಮುಂದಿನದ್ದು ಯಾರು ಹಾಕುತ್ತೀರಿ? ಭಾಷೆ, ಸಮಾಜ ವಿಜ್ಞಾನದವರು ಒಬ್ಬರೂ ಬಂದಿಲ್ಲ.